ಮರಳುಗಾಡಿನಲ್ಲಿ ರಜೆಯ ಕೊನೆಯ ದಿನ

ಗಲ್ಫ್‌ನಲ್ಲಿರುವ ಗಂಡನ ಬಳಿಗೆ ರಜೆಗೆ ಹೊರಡುವ ಸಂಸಾರದ ಸಿದ್ಧತೆಯನ್ನು ನಾವೆಲ್ಲ ಒಂದಲ್ಲ ಒಂದು ಸಲ ನೋಡಿದ್ದೇವೆ. ಪಾಸ್‌ಪೋರ್ಟ್, ವಿಸಿಟ್ ವೀಸಾ, ಟಿಕೆಟ್ ಎಂದು ತಿಂಗಳುಗಟ್ಟಲೆ ಓಡಾಟ. ಹೊರಡುವ ವಾರ ಬಂತೆಂದರೆ ಮನೆ ತುಂಬ ಹಪ್ಪಳ, ಉಪ್ಪಿನಕಾಯಿ, ಒಣಮೀನು, ಕುಚ್ಚಲಕ್ಕಿಯ ಕಟ್ಟುಗಳು. ಮಕ್ಕಳು ಶಾಲೆಯಲ್ಲಿ ಗೆಳೆಯರಿಗೆಲ್ಲ ಹೇಳಿ ಮುಗಿಸಿರುತ್ತಾರೆ. ಇಳಿದ ಮೊದಲ ದಿನ ಎಲ್ಲಿಗೆ, ಎರಡನೆಯ ದಿನ ಯಾರ ಮನೆಯಲ್ಲಿ ಊಟ ಎಂಬುದೂ ಇಲ್ಲಿಂದಲೇ ನಿಗದಿಯಾಗಿರುತ್ತದೆ.

ಕೊನೆಯ ದಿನಕ್ಕೆ ಮಾತ್ರ ಯಾರೂ ಏನನ್ನೂ ನಿಗದಿ ಮಾಡಿರುವುದಿಲ್ಲ. ಅದು ತಾನಾಗಿ ಬಂದು ತಲೆಯ ಮೇಲೆ ಬೀಳುತ್ತದೆ. ಪೆಟ್ಟಿಗೆ ತೂಗುವುದು, ಎರಡು ಕಿಲೋ ಹೆಚ್ಚಾಯಿತೆಂದು ಬಿಚ್ಚುವುದು, ಹಾಲಿನ ಪುಡಿ ತೆಗೆದು ಖರ್ಜೂರ ಇಡುವುದು, ನೆರೆಮನೆಯವರಿಗೆ ಏನೂ ಕೊಳ್ಳಲಿಲ್ಲವೆಂದು ಮತ್ತೆ ಅಂಗಡಿಗೆ ಓಡುವುದು. ಮಕ್ಕಳಿಗೆ ಗದರಿಕೆ, ಗಂಡ ಹೆಂಡಿರ ನಡುವೆ ಸಣ್ಣ ಮುನಿಸು. ಕೊನೆಗೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಎರಡು ನಿಮಿಷ ಕಣ್ಣೀರು. ಅಷ್ಟಕ್ಕೆ ರಜೆ ಮುಗಿಯಿತು. ಆಮೇಲೆ ಎರಡು ವರ್ಷ ಫೋನಿನಲ್ಲೇ ಸಂಸಾರ.

ಸಹೋದರಿಯರೇ, ಈ ಸಲ ಆ ಕೊನೆಯ ದಿನದ ಕುರಿತು ನಿಮ್ಮೊಂದಿಗೆ ಸ್ವಲ್ಪ ಮಾತನಾಡಬೇಕೆಂದಿದ್ದೇನೆ. ಅದನ್ನು ಪೆಟ್ಟಿಗೆಗಳಿಂದ ಬಿಡಿಸಿಕೊಳ್ಳಲು ಸಾಧ್ಯವೇ? ಬಿಡಿಸಿಕೊಂಡರೆ ಅದರಿಂದ ಏನು ಮಾಡಬಹುದು?

ನನ್ನ ಅಣ್ಣ ಅಬುಧಾಬಿಯ ಕೈಗಾರಿಕಾ ಪ್ರದೇಶವಾದ ಮುಸಫ್ಫದಲ್ಲಿ ಸ್ಟೋರ್ ಕೀಪರ್. ಹದಿನಾರು ವರ್ಷಗಳಿಂದ ಅಲ್ಲಿದ್ದಾನೆ. ಸಂಸಾರವನ್ನು ಜೊತೆಯಲ್ಲಿ ಇರಿಸಿಕೊಳ್ಳುವಷ್ಟು ಸಂಬಳವಿಲ್ಲ. ಒಂದು ದಸರಾ ರಜೆಯಲ್ಲಿ ಅತ್ತಿಗೆ ಮತ್ತು ಇಬ್ಬರು ಮಕ್ಕಳು ಹನ್ನೆರಡು ದಿನಗಳಿಗೆ ಅಲ್ಲಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಪರಿಚಯದವರೊಬ್ಬರು ಊರಿಗೆ ಹೋಗಿದ್ದರಿಂದ ಅವರ ಚಿಕ್ಕ ಫ್ಲ್ಯಾಟ್ ನಮಗೆ ಸಿಕ್ಕಿತ್ತು. ಕಡಲ ತೀರ, ದೊಡ್ಡ ಮಸೀದಿ, ದುಬೈಯ 828 ಮೀಟರ್ ಎತ್ತರದ ಬುರ್ಜ್ ಖಲೀಫ, ನಾಲ್ಕೈದು ಮಾಲ್‌ಗಳು ಎಂದು ಹನ್ನೊಂದು ದಿನಗಳು ಹೋದದ್ದೇ ಗೊತ್ತಾಗಲಿಲ್ಲ. ಹನ್ನೆರಡನೆಯ ದಿನ ರಾತ್ರಿ ವಿಮಾನ. "ಕೊನೆಯ ದಿನ ಮರಳುಗಾಡಿಗೆ ಹೋಗೋಣ, ಪೆಟ್ಟಿಗೆಯೆಲ್ಲ ಹತ್ತನೆಯ ದಿನವೇ ಕಟ್ಟಿಡಿ" ಎಂದು ಅಣ್ಣ ಮೊದಲೇ ಹೇಳಿದ್ದ. ಅತ್ತಿಗೆಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಹೊರಡುವ ದಿನ ಯಾರಾದರೂ ಮರಳು ನೋಡಲು ಹೋಗುತ್ತಾರೆಯೇ ಎಂಬುದು ಅವರ ಪ್ರಶ್ನೆ. ಆದರೂ ಹತ್ತನೆಯ ದಿನ ಪೆಟ್ಟಿಗೆ ಕಟ್ಟಿದರು.

ಮರಳಿಗೆ ಇಳಿಯುವ ಮುನ್ನ

ಅಬುಧಾಬಿಯಿಂದ ಅಲ್ ಐನ್‌ಗೆ ಸುಮಾರು 150 ಕಿಲೋಮೀಟರ್. ಅಲ್ಲಿಂದ ದಕ್ಷಿಣಕ್ಕೆ, ಅಲ್ ವಗನ್ ಕಡೆಗೆ ಹೋಗುವ ರಸ್ತೆಯ ಎರಡೂ ಬದಿ ಕೆಂಪು ಮರಳಿನ ದಿಣ್ಣೆಗಳು. ಮರಳಿನ ಕಣಗಳ ಮೇಲೆ ಕಬ್ಬಿಣದ ತುಕ್ಕಿನ ತೆಳು ಲೇಪವಿರುವುದರಿಂದ ಆ ಕೆಂಪು. ಆ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ರುಬ್ ಅಲ್ ಖಾಲಿ, ಅಂದರೆ 'ಬರಿದಾದ ಕಾಲುಭಾಗ' ಎಂಬ ಹೆಸರಿನ ಮಹಾ ಮರುಭೂಮಿ. ಸೌದಿ, ಒಮಾನ್, ಯಮನ್, ಎಮಿರೇಟ್ಸ್ ಈ ನಾಲ್ಕು ದೇಶಗಳಲ್ಲಿ ಹರಡಿರುವ ಅದರ ವಿಸ್ತಾರ ಸುಮಾರು 6.5 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂತಹ ಮೂರು ರಾಜ್ಯಗಳನ್ನು ಅದರೊಳಗೆ ಇಟ್ಟರೂ ಜಾಗ ಮಿಗುತ್ತದೆ.

ಬೆಳಗಿನ ಜಾವ ಮೂರು ಗಂಟೆಗೆ ಹೊರಟೆವು. ಅಣ್ಣನ ಗೆಳೆಯ, ಮಲಪ್ಪುರದವರು, ತಮ್ಮ ಸಂಸಾರದೊಂದಿಗೆ ಇನ್ನೊಂದು ವಾಹನದಲ್ಲಿ ಬಂದರು. ಮರಳಿಗೆ ಒಂದೇ ವಾಹನದಲ್ಲಿ ಎಂದೂ ಇಳಿಯಬಾರದು ಎಂಬುದು ಅಲ್ಲಿಯವರ ನಿಯಮ. ಒಂದು ಹೂತುಕೊಂಡರೆ ಎಳೆಯಲು ಇನ್ನೊಂದು ಬೇಕು. ಡಾಂಬರು ರಸ್ತೆ ಬಿಡುವಲ್ಲಿ ಇಬ್ಬರೂ ಇಳಿದು ಟಯರಿನ ಗಾಳಿ ತೆಗೆದರು. 35ರಷ್ಟು ಇದ್ದದ್ದನ್ನು 15ರ ಆಸುಪಾಸಿಗೆ ಇಳಿಸಿದರು. ಗಾಳಿ ಕಡಿಮೆಯಾದಾಗ ಟಯರು ಚಪ್ಪಟೆಯಾಗಿ ಒಂಟೆಯ ಪಾದದಂತೆ ಅಗಲವಾಗುತ್ತದೆ, ಮರಳಲ್ಲಿ ಹೂತುಕೊಳ್ಳುವುದಿಲ್ಲ. ಹದಿಮೂರು ವರ್ಷದ ನನ್ನ ಅಳಿಯ ಟಾರ್ಚು ಹಿಡಿದು ನಿಂತಿದ್ದ. ಅವನು ಉಪ್ಪನ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು.

ಆ ಹುಡುಗನ ಬಗ್ಗೆ ಒಂದು ಮಾತು ಹೇಳಬೇಕು. ಹನ್ನೊಂದು ದಿನವೂ ಅವನು ತಂದೆಯೊಂದಿಗೆ ಹೆಚ್ಚು ಮಾತನಾಡಿರಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೆ. ಇದು ಅವನೊಬ್ಬನ ಕತೆಯಲ್ಲ. ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು ಇಂತಹ ಎಷ್ಟೋ ಹುಡುಗರನ್ನು ತರಗತಿಯಲ್ಲಿ ಕಂಡಿದ್ದೇನೆ. ಅವರ ಪಾಲಿಗೆ ತಂದೆಯೆಂದರೆ ಫೋನಿನಲ್ಲಿ ಬರುವ ಒಂದು ದನಿ. 'ನಮಾಝ್ ಮಾಡಿದೆಯಾ? ಮಾರ್ಕು ಎಷ್ಟು ಬಂತು? ಉಮ್ಮ ಹೇಳಿದ್ದನ್ನು ಕೇಳು' ಎಂಬ ಮೂರು ವಾಕ್ಯಗಳ ತಂದೆ. ಆ ದನಿಯ ಹಿಂದಿನ ಮನುಷ್ಯ ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ, ಯಾವುದಕ್ಕೆ ಹೆದರುತ್ತಾನೆ ಎಂಬುದು ಮಕ್ಕಳಿಗೆ ಗೊತ್ತಿರುವುದಿಲ್ಲ. ಗೊತ್ತಾಗಲು ನಾವು ಬಿಡುವುದೂ ಇಲ್ಲ.

ಮರಳು ಕಲಿಸಿದ್ದು

ಕತ್ತಲಲ್ಲಿ ಮರಳು ತಣ್ಣಗಿತ್ತು. ಮಧ್ಯಾಹ್ನ ಕಾಲಿಡಲಾಗದಷ್ಟು ಕಾಯುವ ಮರಳು ಮುಂಜಾವಿಗೆ ಹೇಗೆ ತಣ್ಣಗಾಯಿತೆಂದು ಆರು ವರ್ಷದ ಸೊಸೆ ಕೇಳಿದಳು. ನಮ್ಮ ಕರಾವಳಿಯಲ್ಲಿ ಗಾಳಿಯ ತುಂಬ ತೇವ, ಮೇಲೆ ಮೋಡ. ಇವೆರಡೂ ಹಗಲಿನ ಬಿಸಿಯನ್ನು ರಾತ್ರಿಯೂ ಕಂಬಳಿಯಂತೆ ಹಿಡಿದಿಡುತ್ತವೆ. ಮರುಭೂಮಿಯ ಒಣ ಗಾಳಿ, ಬರಿಯ ಆಕಾಶಕ್ಕೆ ಆ ಕಂಬಳಿ ಇಲ್ಲ. ಸೂರ್ಯ ಕೊಟ್ಟದ್ದು ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ.

ಫಜ್ರ್ ಸಮಯವಾದಾಗ ಅಣ್ಣ ಕ್ಯಾನಿನಿಂದ ಮಕ್ಕಳ ಕೈಗೆ ನೀರು ಸುರಿದ. ಒಂದು ಲೋಟದಷ್ಟರಲ್ಲಿ ಒಬ್ಬೊಬ್ಬರ ವುಝೂ ಮುಗಿಯಿತು. ಇಷ್ಟೊಂದು ಮರಳಿರುವಾಗ ತಯಮ್ಮುಮ್ ಮಾಡಬಹುದಲ್ಲ ಎಂದು ಹುಡುಗ ಕೇಳಿದ. ಮದ್ರಸದಲ್ಲಿ ಓದಿದ ಪಾಠ ಅವನಿಗೆ ನೆನಪಿತ್ತು. ನೀರು ಇರುವಾಗ, ಅದನ್ನು ಬಳಸಲು ಅಡ್ಡಿ ಇಲ್ಲದಿರುವಾಗ ವುಝೂವೇ ಆಗಬೇಕು; ನೀರು ಸಿಗದಿದ್ದರೆ, ಅಥವಾ ಇರುವ ನೀರು ಕುಡಿಯಲಷ್ಟೇ ಸಾಲುವಂತಿದ್ದರೆ ತಯಮ್ಮುಮ್ ಎಂದು ನಾನು ಹೇಳಿದೆ. ಪುಸ್ತಕದಲ್ಲಿ ಎರಡು ಸಾಲಾಗಿದ್ದ ಪಾಠ ಅಲ್ಲಿ ಅವನಿಗೆ ಕಣ್ಣೆದುರಿಗೇ ಬಂತು. ಬಾಯಾರಿದವನ ಜೀವಕ್ಕೆ ಶರೀಅತ್ ಎಷ್ಟು ಬೆಲೆ ಕೊಟ್ಟಿದೆ ಎಂಬುದು ಮರಳಿನ ಮೇಲೆ ನಿಂತಾಗ ಬೇಗ ಅರ್ಥವಾಗುತ್ತದೆ.

ಬೆಳಕು ಹರಿದಾಗ ದಿಣ್ಣೆಯ ಮೈಮೇಲೆ ಗೆರೆಗಳು ಕಾಣಿಸಿದವು. ಜೀರುಂಡೆ ನಡೆದ ಹೊಲಿಗೆಯಂತಹ ಗೆರೆ, ಹಲ್ಲಿ ಬಾಲ ಎಳೆದ ಗೆರೆ, ಇಲಿಯ ಚಿಕ್ಕ ಹೆಜ್ಜೆಗಳು. ಬರಿದಾದದ್ದು ಎಂದು ನಾವು ಹೆಸರಿಟ್ಟ ಜಾಗದಲ್ಲಿ ರಾತ್ರಿಯಿಡೀ ಜೀವಗಳು ದುಡಿದಿದ್ದವು. ಬಿಸಿಲೇರುವ ಮೊದಲು ಅವೆಲ್ಲ ಮರಳಿನೊಳಗೆ ಸೇರಿಕೊಂಡಿದ್ದವು. "ನಮ್ಮ ಸೈಟಿನಲ್ಲೂ ಬೇಸಿಗೆಯಲ್ಲಿ ಹೀಗೆಯೇ" ಎಂದ ಅಣ್ಣ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸಬಾರದೆಂದು ಎಮಿರೇಟ್ಸ್‌ನಲ್ಲಿ ಕಾನೂನಿದೆ. ಆ ವೇಳೆಗೆ ಕೆಲಸಗಾರರು ಸ್ಟೋರಿನ ನೆರಳಿಗೆ ಬಂದು ಮಲಗುತ್ತಾರಂತೆ. ಅವರಿಗೆ ನೀರು, ಉಪ್ಪು ಸಕ್ಕರೆಯ ಪುಡಿ ಕೊಡುವುದು ಸ್ಟೋರ್ ಕೀಪರನ ಕೆಲಸ. "ಅದಕ್ಕೇ ಆ ಹೊತ್ತಿಗೆ ನೀನು ಫೋನ್ ಮಾಡಿದರೆ ನಾನು ಎತ್ತುವುದಿಲ್ಲ" ಎಂದು ಮಗನಿಗೆ ಹೇಳಿದ. ಹುಡುಗ ಏನೂ ಹೇಳಲಿಲ್ಲ. ಆದರೆ ತಂದೆಯ ಪಕ್ಕಕ್ಕೆ ಸರಿದು ಕುಳಿತ.

ಸ್ವಲ್ಪ ದೂರದಲ್ಲಿ ಗಾಫ್ ಮರವೊಂದಿತ್ತು. 2008ರಲ್ಲಿ ಎಮಿರೇಟ್ಸ್ ಅದನ್ನು ತನ್ನ ರಾಷ್ಟ್ರೀಯ ಮರವೆಂದು ಘೋಷಿಸಿತು. ಬೇರು ಬಹಳ ಆಳಕ್ಕೆ ಇಳಿದು ನೀರು ಹುಡುಕುತ್ತದೆ, ಸುತ್ತ ಎಲ್ಲವೂ ಒಣಗಿದಾಗಲೂ ಹಸಿರಾಗಿರುತ್ತದೆ. ಅದು ಬೇರೆ ಯಾವುದೂ ಅಲ್ಲ, ರಾಜಸ್ಥಾನದವರು ಖೇಜ್ರಿ ಎನ್ನುವ, ನಮ್ಮ ಕಡೆ ಬನ್ನಿ ಎಂದು ಕರೆಯುವ ಮರವೇ. ಊರಲ್ಲಿ ದಸರೆಯ ಹೊತ್ತಿಗೆ ಸುದ್ದಿಯಲ್ಲಿರುವ ಮರ ಅಲ್ಲಿ ನಮಗೆ ಬೆಳಗಿನ ಉಪಾಹಾರಕ್ಕೆ ನೆರಳು ಕೊಟ್ಟಿತು.

ಹೊರಡುವ ಮುನ್ನ ಹೆಕ್ಕುವುದು

ಹಿಂದಿನ ವಾರ ಅಲ್ಲಿ ಯಾರೋ ಬಂದು ಊಟ ಮಾಡಿ ಹೋಗಿದ್ದರು. ಪ್ಲಾಸ್ಟಿಕ್ ತಟ್ಟೆ, ಚೀಲ, ಬಾಟಲಿಗಳು ಗಾಳಿಗೆ ಹಾರಿ ಮರದ ಬುಡದಲ್ಲಿ ಸಿಕ್ಕಿಕೊಂಡಿದ್ದವು. ನಮ್ಮ ಕಸ ಕಟ್ಟಿದ ಮೇಲೆ ಅವನ್ನೂ ಹೆಕ್ಕಬೇಕೆಂದು ಅಣ್ಣನ ಗೆಳೆಯ ಮಕ್ಕಳಿಗೆಲ್ಲ ಒಂದೊಂದು ಚೀಲ ಕೊಟ್ಟರು. ಇದು ಬರಿಯ ಸ್ವಚ್ಛತೆಯ ಮಾತಲ್ಲ. ದುಬೈಯ ಕೇಂದ್ರೀಯ ಪಶುವೈದ್ಯಕೀಯ ಸಂಶೋಧನಾ ಪ್ರಯೋಗಾಲಯದ ಉಲ್ರಿಶ್ ವೆರ್ನರಿ ಮತ್ತು ಅವರ ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2008ರಿಂದ ಅಲ್ಲಿ ಪರೀಕ್ಷಿಸಿದ ಸುಮಾರು 30,000 ಒಂಟೆಗಳಲ್ಲಿ 300ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಚೀಲ, ಹಗ್ಗಗಳ ಗಂಟು ಸಿಕ್ಕಿದೆ. ಒಂದು ಗಂಟು 60 ಕಿಲೋಗೂ ಹೆಚ್ಚು ತೂಗುತ್ತಿತ್ತು. ಅದು ಹೊಟ್ಟೆ ತುಂಬಿದಂತೆ ಭ್ರಮೆ ಹುಟ್ಟಿಸುವುದರಿಂದ ಒಂಟೆ ಮೇಯುವುದನ್ನು ಬಿಟ್ಟು ಸೊರಗಿ ಸಾಯುತ್ತದೆ.

ಒಂಟೆಯನ್ನು ಅಲ್ಲಾಹನು ಎಂತಹ ಜೀವಿಯಾಗಿ ಸೃಷ್ಟಿಸಿದ್ದಾನೆಂದರೆ, ದೇಹದ ತೂಕದ ಕಾಲು ಭಾಗದಷ್ಟು ನೀರು ಕಳೆದುಕೊಂಡರೂ ಅದು ಬದುಕುತ್ತದೆ. ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷಗಳಲ್ಲಿ ಸುಮಾರು 100 ಲೀಟರ್ ಕುಡಿಯುತ್ತದೆ. ಅದರ ಡುಬ್ಬದಲ್ಲಿರುವುದು ಅನೇಕರು ತಿಳಿದಿರುವಂತೆ ನೀರಲ್ಲ, ಕೊಬ್ಬು. ಇಷ್ಟೆಲ್ಲ ಸಹಿಸುವ ಪ್ರಾಣಿ ನಾವು ಎಸೆದ ಒಂದು ಬಿಳಿ ಚೀಲದ ಮುಂದೆ ಸೋಲುತ್ತದೆ. ಸೊಸೆ ಅಂದು ಹೆಕ್ಕಿದ ಚೀಲಗಳನ್ನು ಎಣಿಸಿದಳು. ಮೂವತ್ತನಾಲ್ಕು.

ಇನ್ನೊಂದು ವಿಷಯ ತಾಯಂದಿರು ಗಮನಿಸಬೇಕು. ಬೇಯಿಸಿದ ಮೇಲೆ ಕೆಂಡವನ್ನು ಮರಳಲ್ಲಿ ಮುಚ್ಚಿ ಹೋಗುವವರಿದ್ದಾರೆ. ಮೇಲೆ ಏನೂ ಕಾಣದಿದ್ದರೂ ಒಳಗೆ ಗಂಟೆಗಟ್ಟಲೆ ಬಿಸಿ ಉಳಿದಿರುತ್ತದೆ. ಬರಿಗಾಲಲ್ಲಿ ಓಡುವ ಮಕ್ಕಳ ಪಾದ ಸುಡುವುದು ಹೀಗೆಯೇ. ನೀರು ಸುರಿದು ಪೂರ್ತಿ ಆರಿಸಿ, ಬೂದಿಯನ್ನೂ ತುಂಬಿಕೊಂಡು ಬರಬೇಕು. ಚಳಿಯೆಂದು ಟೆಂಟಿನೊಳಗೆ ಕೆಂಡದ ಒಲೆ ಇಟ್ಟುಕೊಂಡು ಮಲಗುವುದಂತೂ ಪ್ರಾಣಕ್ಕೇ ಅಪಾಯ. ಅದರ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ತೋಟದಲ್ಲಿ ಬಂದ ಪ್ರಶ್ನೆ

ಒಂಬತ್ತು ಗಂಟೆಗೆ ಬಿಸಿಲು ಚುರುಕಾಯಿತು. ಟಯರಿಗೆ ಮತ್ತೆ ಗಾಳಿ ತುಂಬಿಸಿ ಅಲ್ ಐನ್‌ನ ಖರ್ಜೂರ ತೋಟಕ್ಕೆ ಬಂದೆವು. ಊರ ನಡುವೆ ಸುಮಾರು 1 ಲಕ್ಷ 47 ಸಾವಿರ ಖರ್ಜೂರದ ಮರಗಳಿರುವ ದೊಡ್ಡ ತೋಪು ಅದು. ನಡುವೆ ಮಣ್ಣಿನ ಗೋಡೆಗಳ ನಡುವಿನ ತಂಪು ದಾರಿ, ಪಕ್ಕದಲ್ಲಿ ಸಣ್ಣ ಕಾಲುವೆಯಲ್ಲಿ ನೀರು. ಅಲ್ ಐನ್‌ನ ತೋಟಗಳೂ ಹಳೆಯ ನೆಲೆಗಳೂ 2011ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅಲ್ಲಿಯ ನೀರಾವರಿಗೆ ಫಲಜ್ ಎಂದು ಹೆಸರು. ಬೆಟ್ಟದ ಬುಡದಲ್ಲಿ ನೀರಿನ ಸೆಲೆ ಹುಡುಕಿ, ಅಲ್ಲಿಂದ ಊರಿನವರೆಗೆ ನೆಲದಡಿಯಲ್ಲಿ ಸ್ವಲ್ಪವೇ ಇಳಿಜಾರಿನ ಸುರಂಗ ತೋಡುತ್ತಿದ್ದರು. ಪಂಪು, ಯಂತ್ರ ಏನೂ ಇಲ್ಲದೆ ನೀರು ತಾನಾಗಿ ಹರಿದು ಬರುತ್ತಿತ್ತು. ನೆಲದಡಿಯಲ್ಲಿರುವುದರಿಂದ ಬಿಸಿಲಿಗೆ ಆವಿಯಾಗುತ್ತಿರಲಿಲ್ಲ. ಅಲ್ ಐನ್ ಬಳಿಯ ಹೀಲಿಯಲ್ಲಿ ಸಿಕ್ಕ ಫಲಜ್ ಸುಮಾರು 3,000 ವರ್ಷ ಹಳೆಯದು. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರ್‌ನಲ್ಲಿ ತೋಡಿಸಿದ ಕರೇಜ್ ಇದೇ ಬಗೆಯದು. ನಮ್ಮ ಕಾಸರಗೋಡು, ಪುತ್ತೂರು, ಬಂಟ್ವಾಳದ ಗುಡ್ಡಗಳಲ್ಲಿ ಅಡಿಕೆ ತೋಟಕ್ಕೆ ನೀರು ತರುವ ಸುರಂಗಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಫಲಜ್‌ನ ನೀರನ್ನು ಹಂಚುತ್ತಿದ್ದುದು ಸಮಯದ ಲೆಕ್ಕದಲ್ಲಿ. ಇಂತಹ ತೋಟಕ್ಕೆ ಇಷ್ಟು ಹೊತ್ತು, ಆಮೇಲೆ ಮುಂದಿನ ತೋಟಕ್ಕೆ. ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರು. ಒಬ್ಬನ ಸರದಿ ಮುಗಿದಾಗ ಅವನು ತೂಬು ಮುಚ್ಚಲೇಬೇಕು. ಇದನ್ನು ಅಣ್ಣ ವಿವರಿಸುತ್ತಿದ್ದಾಗ ಹುಡುಗ ಥಟ್ಟನೆ ಕೇಳಿದ: "ಉಪ್ಪಾ, ನಿಮ್ಮ ಸರದಿ ಯಾವಾಗ ಮುಗಿಯುತ್ತದೆ? ಇನ್ನೆಷ್ಟು ವರ್ಷ ಇಲ್ಲಿ ಇರುತ್ತೀರಿ?"

ಹನ್ನೆರಡು ದಿನಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಅತ್ತಿಗೆ ಮಗನನ್ನು ಸುಮ್ಮನಿರಿಸಲು ನೋಡಿದರು. ಅಣ್ಣ ಬೇಡವೆಂದ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಬೆರಳು ಮಡಚಿ ಲೆಕ್ಕ ಹೇಳಿದ. ಮನೆ ಕಟ್ಟಿದಾಗ ಭಾವನಿಂದ ಪಡೆದ ಸಾಲ ಇಷ್ಟು ಉಳಿದಿದೆ. ತಂಗಿಯ ಮದುವೆಗೆ ಗೆಳೆಯನಿಂದ ತಂದದ್ದು ಇಷ್ಟು. ಇದು ತೀರಲು ಮೂರು ವರ್ಷ. ಮೇಲೆ ಮಹಡಿ ಕಟ್ಟಿಸುವುದಾದರೆ ಇನ್ನೂ ಐದು.

ಮಹಡಿ ಅತ್ತಿಗೆಯ ಆಸೆ. ಓರಗಿತ್ತಿಯ ಮನೆಗೆ ಮಹಡಿ ಇದೆ. ಅದಕ್ಕಾಗಿ ಐದು ವರ್ಷ ಹೆಚ್ಚು ದುಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಅಣ್ಣ ಹೇಳಿರಲೂ ಇಲ್ಲ. ಹೇಳಿದರೆ ಬೇಸರವಾಗಬಹುದೆಂದು ಅವನು ಸುಮ್ಮನಿದ್ದ. ಕೇಳಿದರೆ ಅನುಮಾನಿಸಿದಂತಾಗುತ್ತದೆಂದು ಇವರು ಸುಮ್ಮನಿದ್ದರು. ಅತ್ತಿಗೆ ಬಹಳ ಹೊತ್ತು ಕಾಲುವೆಯ ನೀರನ್ನೇ ನೋಡುತ್ತಿದ್ದು, "ಹಾಗಾದರೆ ಮಹಡಿ ಬೇಡ" ಎಂದರು. ಮೂರು ಶಬ್ದ. ಆ ಮೂರು ಶಬ್ದ ಅಣ್ಣನ ಬದುಕಿನ ಐದು ವರ್ಷಗಳನ್ನು ಅವನಿಗೆ ಹಿಂದಿರುಗಿಸಿತು.

ಕೆಲಸ ಮುಗಿಯುವುದು ಯಾವಾಗ?

ಪ್ರಯಾಣದ ಉದ್ದೇಶ ಈಡೇರಿದ ಮೇಲೆ ತಡಮಾಡದೆ ಮನೆಯವರ ಬಳಿಗೆ ಮರಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಪ್ರಯಾಣವು ಮನುಷ್ಯನ ಊಟ, ನಿದ್ದೆಗಳನ್ನು ಕಸಿದುಕೊಳ್ಳುತ್ತದೆ ಎಂಬುದನ್ನೂ ಅದಕ್ಕೆ ಕಾರಣವಾಗಿ ಹೇಳಿದ್ದಾರೆ. ಇದನ್ನು ಉಮ್ರಾಕ್ಕೆ ಹೋಗಿ ಬರುವವರಿಗೆ ಹೇಳಿದ ಮಾತೆಂದಷ್ಟೇ ನಾವು ತಿಳಿದಿದ್ದೇವೆ. ಹದಿನಾರು, ಇಪ್ಪತ್ತು ವರ್ಷಗಳ ಪ್ರಯಾಣದಲ್ಲಿರುವ ನಮ್ಮ ಗಂಡಸರಿಗೆ ಅದು ಅನ್ವಯಿಸುವುದಿಲ್ಲವೇ? ಆದರೆ ಅವರ ಉದ್ದೇಶ ಮುಗಿಯುವುದೇ ಇಲ್ಲ. ಮೊದಲು ಸಾಲ, ಆಮೇಲೆ ಮನೆ, ಆಮೇಲೆ ತಂಗಿಯ ಮದುವೆ, ಕಾರು, ಮಹಡಿ, ಮಗಳ ಮದುವೆ. ಒಂದು ಮುಗಿಯುವ ಮೊದಲೇ ಇನ್ನೊಂದು ಸೇರುತ್ತದೆ. ಸೇರಿಸುವವರಲ್ಲಿ ಊರಿನ ನೆಂಟರು ಇರುತ್ತಾರೆ, ಸಮಾಜದ ಕಣ್ಣು ಇರುತ್ತದೆ, ನಾವೂ ಇರುತ್ತೇವೆ.

ಹಾಗೆಂದು ಎಲ್ಲರೂ ನಾಳೆಯೇ ಬಿಟ್ಟು ಬರಬೇಕೆಂದು ಹೇಳುತ್ತಿಲ್ಲ. ಹಲಾಲ್ ದುಡಿಮೆಗಾಗಿ ಬಿಸಿಲಲ್ಲಿ ಬೇಯುವವರ ಶ್ರಮಕ್ಕೆ ಅಲ್ಲಾಹನ ಬಳಿ ಪ್ರತಿಫಲವಿದೆ. ಅವರ ಹಣದಿಂದಲೇ ನಮ್ಮ ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲೇರಿದ್ದು. ನಾನು ಹೇಳುವುದಿಷ್ಟೆ: ದುಡಿಮೆಗೆ ಒಂದು ಕೊನೆಯ ದಿನವನ್ನು ಗುರುತಿಸಿಕೊಳ್ಳಬೇಕು. ಅದನ್ನು ಗಂಡನೊಬ್ಬನೇ ಗುರುತಿಸಲಾರ. ಹೆಂಡತಿ, ತಿಳಿವಳಿಕೆ ಬಂದ ಮಕ್ಕಳು ಜೊತೆಗೂಡಿ ಲೆಕ್ಕ ಹಾಕಬೇಕು. ಫೋನಿನಲ್ಲಿ ಆ ಮಾತು ಆಡಲಾಗುವುದಿಲ್ಲ. ಫೋನಿನಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಅದಕ್ಕೆ ಎದುರುಬದುರು ಕುಳಿತ ಒಂದು ಹೊತ್ತು ಬೇಕು, ಅಂಗಡಿಗಳಿಲ್ಲದ ಒಂದು ಜಾಗ ಬೇಕು. ಮರಳುಗಾಡು ಅದಕ್ಕೆ ಒಳ್ಳೆಯ ಜಾಗ. ಅಲ್ಲಿ ಕೊಳ್ಳಲು ಏನೂ ಇಲ್ಲ.

ಮಧ್ಯಾಹ್ನ ಊರೊಳಗೆ ಬಂದಾಗ ಅಣ್ಣ ಮಗನನ್ನು ತನ್ನ ರೂಮಿಗೆ ಕರೆದುಕೊಂಡು ಹೋದ. ಫ್ಲ್ಯಾಟ್ ಬಿಟ್ಟುಕೊಟ್ಟು ರಾತ್ರಿ ಅವನು ಮರಳಬೇಕಾದ ಬ್ಯಾಚುಲರ್ ರೂಮ್ ಅದು. ಆರು ಮಂದಿಗೆ ಮೂರು ಎರಡಂತಸ್ತಿನ ಮಂಚಗಳು. ಕೆಳಗಿನದೊಂದು ಅಣ್ಣನದು. ಮಂಚಕ್ಕೆ ಕಟ್ಟಿದ ಪರದೆಯ ಒಳಬದಿಯಲ್ಲಿ ಮಕ್ಕಳ ಹಳೆಯ ಫೋಟೋ, ಮಗಳು ಒಂದನೆಯ ತರಗತಿಯಲ್ಲಿ ಬರೆದ ಅ ಆ ಇ ಈ ಹಾಳೆ. ಇದನ್ನೆಲ್ಲ ಮಕ್ಕಳಿಗೆ ತೋರಿಸಬಾರದು, ಅವರ ಮನಸ್ಸಿಗೆ ನೋವಾಗುತ್ತದೆ ಎನ್ನುವವರಿದ್ದಾರೆ. ಹದಿಮೂರು ವರ್ಷದ ಮಗನಿಗೆ ತೋರಿಸಬಹುದು, ತೋರಿಸಬೇಕು ಎಂದೇ ನನ್ನ ಅನಿಸಿಕೆ. ತಾನು ಕೈಯಲ್ಲಿ ಹಿಡಿದಿರುವ ಮೊಬೈಲು ಯಾವ ಮಂಚದಿಂದ ಬಂದದ್ದೆಂದು ಅವನಿಗೆ ತಿಳಿಯಲಿ. ಹಿಂದಿರುಗುವಾಗ ಹುಡುಗ ತನ್ನ ಹೊಸ ಬೆಡ್‌ಶೀಟನ್ನು ಪೆಟ್ಟಿಗೆಯಿಂದ ತೆಗೆದು ಉಪ್ಪನಿಗೆ ಕೊಟ್ಟನಂತೆ. ಪೆಟ್ಟಿಗೆಯ ತೂಕ ಅಷ್ಟು ಇಳಿಯಿತು.

ಬೀಳ್ಕೊಡುವ ರೀತಿ

ಚಿಕ್ಕ ಮಕ್ಕಳ ವಿಷಯದಲ್ಲಿ ನಮ್ಮಲ್ಲಿ ಒಂದು ಕೆಟ್ಟ ರೂಢಿಯಿದೆ. ಅಳುತ್ತಾರೆಂದು ಸುಳ್ಳು ಹೇಳುವುದು. 'ಉಪ್ಪ ಪಾರ್ಕಿಂಗಿಗೆ ಹೋಗಿದ್ದಾರೆ, ಈಗ ಬರುತ್ತಾರೆ' ಎಂದು ಹೇಳಿ ಒಳಗೆ ಕರೆದೊಯ್ಯುತ್ತೇವೆ. ಮಗು ವಿಮಾನ ಏರುವವರೆಗೂ ಹಿಂದೆ ತಿರುಗಿ ನೋಡುತ್ತಿರುತ್ತದೆ. ಅಳು ತಪ್ಪಿತು ಎಂದು ನಾವು ತಿಳಿಯುತ್ತೇವೆ. ಮಗು ಮಾತ್ರ ಮುಂದಿನ ಸಲ ಯಾರು ಹೊರಗೆ ಹೋದರೂ ನಂಬುವುದಿಲ್ಲ. ಅತ್ತಿಗೆ ಹಾಗೆ ಮಾಡಲಿಲ್ಲ. 'ನಾವು ಊರಿಗೆ ಹೋಗುತ್ತೇವೆ, ಉಪ್ಪ ಇಲ್ಲೇ ಇರುತ್ತಾರೆ, ಎರಡು ರಮಝಾನ್ ಕಳೆದ ಮೇಲೆ ಬರುತ್ತಾರೆ' ಎಂದು ಹಿಂದಿನ ದಿನವೇ ಮಗಳಿಗೆ ಹೇಳಿದ್ದರು. ಅವಳು ಅತ್ತಳು. ಅಣ್ಣನೂ ಅತ್ತ. ಅತ್ತು ಮುಗಿದ ಮೇಲೆ ಕೈಬೀಸಿ ಒಳಗೆ ನಡೆದಳು.

ಕೊನೆಯ ದಿನಕ್ಕೆ ಬೆಲೆ ಕೊಡಬೇಕೆಂದು ನಾನು ಹೇಳುವುದಕ್ಕೆ ಇನ್ನೂ ಒಂದು ಕಾರಣವಿದೆ. 2010ರ ಮೇ 22ರ ಮುಂಜಾನೆಯನ್ನು ಕರಾವಳಿಯವರು ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ, ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಎಂಟು ಮಂದಿಯಷ್ಟೇ ಉಳಿದರು. ಹಿಂದಿನ ರಾತ್ರಿ ಆ ಕುಟುಂಬಗಳೂ ಪೆಟ್ಟಿಗೆ ತೂಗಿದ್ದವು, ಬೀಳ್ಕೊಟ್ಟಿದ್ದವು. ಯಾರನ್ನೂ ಹೆದರಿಸಲು ಇದನ್ನು ಹೇಳುತ್ತಿಲ್ಲ. ಎಲ್ಲ ಬೀಳ್ಕೊಡುಗೆಗೂ ಮರುಭೇಟಿ ಇದ್ದೇ ಇರುತ್ತದೆಂದು ನಾವು ನಡೆದುಕೊಳ್ಳುವುದು ಸರಿಯಲ್ಲ. ಎರಡು ಕಿಲೋ ಹೆಚ್ಚಾದ ತೂಕಕ್ಕಾಗಿ ಮುನಿಸಿಕೊಂಡು ಬೇರೆಯಾಗುವುದು ಬೇಡ. ಮಾಫಿ ಕೇಳಬೇಕಾದದ್ದನ್ನು ಕೇಳಿ, ಕೊಡಬೇಕಾದದ್ದನ್ನು ಕೊಟ್ಟು, ಸಲಾಮ್ ಹೇಳಿ ಹೊರಡೋಣ.

ಮುಂದಿನ ರಜೆಗೆ ಹೊರಡಲಿರುವ ಸಹೋದರಿಯರು ಒಂದು ಕೆಲಸ ಮಾಡಿ. ಟಿಕೆಟ್ ಕೈಗೆ ಬಂದ ದಿನವೇ ಹಿಂದಿರುಗುವ ತಾರೀಕಿನ ಸುತ್ತ ಒಂದು ಗೆರೆ ಎಳೆಯಿರಿ. ಅದಕ್ಕೆ ಎರಡು ದಿನ ಮೊದಲೇ ಅಂಗಡಿಯ ಕೆಲಸ, ಪೆಟ್ಟಿಗೆಯ ಕೆಲಸ ಮುಗಿಯಲಿ. ನೆಂಟರ ಮನೆಯ ಊಟಗಳು ಅಷ್ಟರೊಳಗೆ ಆಗಲಿ. ಕೊನೆಯ ದಿನ ಮಕ್ಕಳ ತಂದೆಗೆ ಸೇರಿದ್ದು. ಚಳಿಗಾಲವಾದರೆ ಮರಳಿಗೆ ಹೋಗಿ. ಬೇಸಿಗೆ ರಜೆಯಾದರೆ ಮುಂಜಾವು ಅಥವಾ ಸಂಜೆ ಮಾತ್ರ ಹೋಗಿ, ಸಾಕಷ್ಟು ನೀರು ಒಯ್ಯಿರಿ. ಒಬ್ಬೊಬ್ಬ ಮಗುವೂ ತಂದೆಯೊಂದಿಗೆ ಒಂದಿಷ್ಟು ಹೊತ್ತು ಒಂಟಿಯಾಗಿರಲಿ, ನೀವು ಸ್ವಲ್ಪ ದೂರ ನಡೆದು ಬನ್ನಿ. ಆಮೇಲೆ ನೀವಿಬ್ಬರೂ ಕುಳಿತು ಆ ಪ್ರಶ್ನೆಯನ್ನು ಕೇಳಿಕೊಳ್ಳಿ. ಇನ್ನೆಷ್ಟು ವರ್ಷ? ಯಾವುದಕ್ಕಾಗಿ? ಯಾವುದನ್ನು ಬಿಟ್ಟರೆ ಬೇಗ ಬರಬಹುದು? ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಊರಿಗೆ ತನ್ನಿ. ಹೊಸ ಖರ್ಚೊಂದು ಮುಂದೆ ಬಂದಾಗಲೆಲ್ಲ ಆ ಹಾಳೆಯನ್ನು ತೆಗೆದು ನೋಡಿ.

ಅಣ್ಣನ ಮೂರು ವರ್ಷಗಳಲ್ಲಿ ಒಂದು ಕಳೆದಿದೆ. ಸಾಲದ ಮೊದಲ ಕಂತು ತೀರಿದೆ. ಮಹಡಿಗೆಂದು ಬಿಟ್ಟಿದ್ದ ಕಬ್ಬಿಣದ ಸರಳುಗಳು ಈಗಲೂ ಮನೆಯ ತಾರಸಿಯ ಮೇಲೆ ನಿಂತಿವೆ. ಅತ್ತಿಗೆ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ದೂರದಲ್ಲಿ ದುಡಿಯುವ ನಮ್ಮೆಲ್ಲರ ಮನೆಯವರನ್ನು ಅಲ್ಲಾಹನು ಕಾಪಾಡಲಿ, ಅವರವರ ಕೆಲಸ ಮುಗಿಸಿ ಕ್ಷೇಮವಾಗಿ ಮನೆಗೆ ತಲಪಿಸಲಿ. ಆಮೀನ್.